ಗಾಜಿಲ್ಲದ ಕೈಗಡಿಯಾರ

ಅವರು ತಮ್ಮ ಕೈಯಾರೆ ಜೋಡಿಸಿದ ಗಡಿಯಾರ ಕಟ್ಟಿಕೊಂಡು ಕೆಲಸಕ್ಕೆ ಬರುತ್ತಿದ್ದರು. ಆದರೂ ವಾರದಲ್ಲಿ ಮೂರು ದಿನ ತಡ. ಮುಳಬಾಗಿಲಿನಿಂದ ಕೋಲಾರಕ್ಕೆ ಬಸ್ಸಿಗೇನೂ ಬರವಿಲ್ಲ. ನಂಗಲಿ ಕಡೆಯಿಂದ ಹೆದ್ದಾರಿಯಲ್ಲಿ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಮನೆ ಬಿಡುವ ಹೊತ್ತಿಗೆ ಯಾವುದೋ ಸ್ಕ್ರೂ ಇನ್ನರ್ಧ ಸುತ್ತು ಬಿಗಿಯಬೇಕಿತ್ತು ಎಂದು ನೆನಪಾದರೆ ಸಾಕು, ಚೀಲ ಕೆಳಗಿಟ್ಟು ಮತ್ತೆ ಕೂತುಬಿಡುತ್ತಿದ್ದರು. ಯಜಮಾನರು ಗೋಡೆಯ ಗಡಿಯಾರದ ಕಡೆ ನೋಡಿದರೆ ಇವರು ತಮ್ಮ ಮಣಿಕಟ್ಟು ತಿರುಗಿಸಿ, "ನನ್ನದರಲ್ಲಿ ಇನ್ನೂ ಹತ್ತಾಗಿಲ್ಲ ಸಾರ್" ಎಂದು ಹೇಳಿ ಒಳಗೆ ಹೋಗುತ್ತಿದ್ದರು. ಅದು ನಿಜವೇ. ಅವರದರಲ್ಲಿ ಹತ್ತಾಗಿರುತ್ತಿರಲಿಲ್ಲ.

ನಾವಿಬ್ಬರೂ ಕೆಲಸ ಮಾಡುತ್ತಿದ್ದದ್ದು ಕೋಲಾರದ ಹೊರಗಿದ್ದ ಒಂದು ಖಾಸಗಿ ರೇಷ್ಮೆ ಬಿತ್ತನೆ ಕೋಠಿಯಲ್ಲಿ. ಚಿಟ್ಟೆ ಮೊಟ್ಟೆ ಇಡುವುದು, ಆ ಮೊಟ್ಟೆಯನ್ನು ರೈತರು ಸಾಕಾಣಿಕೆಗೆ ಒಯ್ಯುವುದು, ಅಷ್ಟೇ ಅಲ್ಲಿನ ವ್ಯವಹಾರ. ಆದರೆ ಮೊಟ್ಟೆ ಹೊರಗೆ ಹೋಗುವ ಮುಂಚೆ ತಾಯಿ ಚಿಟ್ಟೆಯನ್ನು ಅರೆದು, ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಗಂಟುರೋಗದ ಕಣ ಇದೆಯೇ ಎಂದು ನೋಡಬೇಕು. ಆ ಕಣ ರೈತನ ಮನೆ ಸೇರಿದರೆ ಹುಳುವಿನ ತಟ್ಟೆಗಳೆಲ್ಲ ಸಾಫ್. ನೋಡುವ ಕೆಲಸ ಅವರದು. ಚಿಟ್ಟೆ ಅರೆದು ಹನಿ ಹಾಕಿಕೊಡುವ ಕೆಲಸ ನನ್ನದು. ಒಂದೇ ಮೇಜಿನ ಎರಡು ಕಡೆ ನಾವು ಹನ್ನೊಂದು ವರ್ಷ ಕೂತಿದ್ದೆವು. ಅವರ ಹೆಸರು ಬರೆಯುವುದಿಲ್ಲ. ಇದ್ದಿದ್ದರೆ, "ನನ್ನ ಬಗ್ಗೆ ಬರೀತಿದ್ದೀಯಾ, ಬೇರೆ ಕೆಲಸ ಇಲ್ವೇನೇ" ಎಂದು ಬೈಯುತ್ತಿದ್ದರು. ನಾನು ಮೇಡಂ ಎನ್ನುತ್ತಿದ್ದೆ. ಹಾಗೇ ಇರಲಿ.

ಗಡಿಯಾರದ ಹುಚ್ಚು ಶುರುವಾಗಿದ್ದು ಅವರ ತಂದೆಯ ವಾಚಿನಿಂದ. ಅವರ ತಂದೆ ಮುಳಬಾಗಿಲಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ದಿನಾ ಬೆಳಿಗ್ಗೆ ಸಂಧ್ಯಾವಂದನೆ ಆದ ಮೇಲೆ ವಾಚಿಗೆ ಕೀ ಕೊಡುತ್ತಿದ್ದರಂತೆ. ಅವರು ಹೋದ ಮೇಲೆ ವಾಚೂ ನಿಂತಿತು. ರಿಪೇರಿಗೆ ಕೊಟ್ಟರೆ ಎಲ್ಲಿ ಒಳಗಿನದನ್ನು ಬದಲಾಯಿಸಿಬಿಡುತ್ತಾರೋ ಎಂಬ ಅನುಮಾನದಿಂದ ಮಗಳು ತಾನೇ ಅದನ್ನು ಬಿಚ್ಚಿದರು. ಬಿಚ್ಚುವುದು ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ತಿರುಗಿ ಜೋಡಿಸುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. "ಆ ಹನ್ನೊಂದು ತಿಂಗಳು ನಮ್ಮಪ್ಪ ಬಟ್ಟಲಲ್ಲಿದ್ದರು" ಎಂದು ಅವರು ಹೇಳಿದಾಗ ನನಗೆ ಮೊದಲು ಅರ್ಥವಾಗಿರಲಿಲ್ಲ. ಬಿಡಿಭಾಗಗಳನ್ನು ಅವರು ತಂದೆಯ ಪಂಚಪಾತ್ರೆಯಲ್ಲೇ ಹಾಕಿಟ್ಟಿದ್ದರಂತೆ.

ಅದು ಓಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಬಿಡಿಭಾಗಗಳನ್ನು ಕೂಡಿಸಿ ಹೊಸದೇ ಗಡಿಯಾರ ಕಟ್ಟುವುದನ್ನು ಶುರು ಮಾಡಿದರು. ಬೆಂಗಳೂರಿನಲ್ಲಿ ಭಾನುವಾರ ಹಳೆ ಸಾಮಾನು ಹರಡಿಕೊಂಡು ಮಾರುವ ಬೀದಿಗೆ ಹೋಗುತ್ತಿದ್ದರು. ಎಲ್ಲೇ ವಾಚ್ ರಿಪೇರಿ ಅಂಗಡಿ ಮುಚ್ಚುತ್ತಿದೆ ಎಂದು ಗೊತ್ತಾದರೂ ಡಬ್ಬಿ ಹಿಡಿದು ಹಾಜರು. ಹೊಸ ಗಡಿಯಾರ ಕಟ್ಟಿಕೊಂಡು ಬಂದ ದಿನ, ಸಂಬಂಧಿಕರ ಪರಿಚಯ ಹೇಳುವ ಹಾಗೆ ಹೇಳುತ್ತಿದ್ದರು: ಇದರ ಮೈ ಚಿಂತಾಮಣಿಯದು, ಮಷೀನು ಕೆಜಿಎಫ್‌ನದು, ಮುಳ್ಳು ಮದನಪಲ್ಲಿಯದು, ಗಾಜು ಹೊಸದು. ದೊಡ್ಡದಕ್ಕೆ ಚಿಕ್ಕ ಮುಳ್ಳು, ಹಸಿರು ಡಯಲ್ಲಿಗೆ ಕೆಂಪು ಸೆಕೆಂಡು. ಚೆಂದ ಇವೆ ಎಂದು ನಾನು ಸುಳ್ಳು ಹೇಳಲಾರೆ. ಆದರೆ ಒಂದೊಂದೂ ಓಡುತ್ತಿತ್ತು, ತನ್ನದೇ ಲೆಕ್ಕದಲ್ಲಿ.

ಕೆಲಸ ಮಾಡುವಾಗ ಅವರಿಗೆ ಮೂರು ಭಾಷೆ. ನಮ್ಮೊಂದಿಗೆ ಕನ್ನಡ, ಯಜಮಾನರು ಕೋಪದಲ್ಲಿದ್ದಾಗ ಇಂಗ್ಲಿಷು, ಗಡಿಯಾರದ ಭಾಗಗಳೊಂದಿಗೆ ತೆಲುಗು. ಮಧ್ಯಾಹ್ನ ಮೊಸರನ್ನದ ಡಬ್ಬಿ ತೊಳೆದಿಟ್ಟ ಮೇಲೆ ಅರ್ಧ ಗಂಟೆ ಬಿಡುವಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಹಿಡಿದ ಎಳ್ಳಿಗಿಂತ ಸಣ್ಣ ಸ್ಕ್ರೂವನ್ನು "ರಾವೇ ತಲ್ಲಿ, ರಾ" ಎಂದು ಕರೆಯುತ್ತಿದ್ದರು. ಬಾರಮ್ಮ ತಾಯಿ, ಬಾ ಅಂತ. ಅದು ಬರದಿದ್ದರೆ ಬೈಗುಳವೂ ತೆಲುಗಿನಲ್ಲೇ.

ಒಂದು ದಿನ ಅಂಥದೇ ಹೊತ್ತಿನಲ್ಲಿ ನಾನು ಸೀನಿದೆ. ಚಿಟ್ಟೆಯ ರೆಕ್ಕೆಯ ಹುಡಿ ಆ ಕೋಣೆಯಲ್ಲಿ ಯಾವಾಗಲೂ ತೇಲುತ್ತಿತ್ತು, ಸೀನು ಬರುವುದು ಹೊಸದಲ್ಲ. ಆದರೆ ಮೇಜಿನ ಮೇಲಿದ್ದ ಸ್ಕ್ರೂ ಇಲ್ಲವಾಯಿತು. ಇಬ್ಬರೂ ನೆಲದ ಮೇಲೆ ಮಂಡಿಯೂರಿ, ಕಸಪೊರಕೆಯಿಂದ ಒಂದು ಕಡೆ ಗುಡಿಸಿ, ಹುಡಿಯನ್ನೆಲ್ಲ ಜರಡಿ ಹಿಡಿದೆವು. ಸಿಗಲಿಲ್ಲ. ಅವರು ನನ್ನೊಂದಿಗೆ ಮಾತಾಡದೆ ಐದು ಗಂಟೆಗೆ ಎದ್ದು ಹೋದರು. ಏಳು ಗಂಟೆಗೆ ಫೋನು ಬಂತು. "ಸಿಕ್ತು ಕಣೇ. ಸೆರಗಿಗೆ ಸಿಕ್ಕಿಕೊಂಡು ಮುಳಬಾಗಿಲಿಗೆ ಬಂದುಬಿಟ್ಟಿದೆ" ಎಂದು ಹೇಳಿ, ಮತ್ತೇನೂ ಹೇಳದೆ ಇಟ್ಟರು. ಅವರು ಕ್ಷಮೆ ಕೇಳುತ್ತಿದ್ದ ರೀತಿ ಅದು.

ಮದುವೆ ಆಗಿರಲಿಲ್ಲ. ತಮ್ಮನ ಸಂಸಾರದ ಜೊತೆ ಇದ್ದರು. ಹೊಸದಾಗಿ ಬಂದ ಹುಡುಗಿಯೊಬ್ಬಳು ಯಾಕೆ ಮೇಡಂ ಆಗಲಿಲ್ಲ ಎಂದು ಕೇಳಿಯೇಬಿಟ್ಟಳು. "ಹೊಂದೋ ಪಾರ್ಟು ಸಿಗಲಿಲ್ಲ" ಎಂದು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಹೇಳಿದರು. ಆ ಹುಡುಗಿ ಬೆಪ್ಪಾದಳು. ನಾನು ಹೊರಗೆ ಹೋಗಿ ನಕ್ಕು ಬಂದೆ.

ನಗಿಸುವವರು ಎಂದು ಯಾರೂ ಸಲಿಗೆ ತೆಗೆದುಕೊಳ್ಳುವಂತಿರಲಿಲ್ಲ. ಒಂದು ಸಲ, ಬೇಡಿಕೆ ಜೋರಾಗಿದ್ದ ಕಾಲದಲ್ಲಿ, ಒಂದು ದೊಡ್ಡ ತಂಡದ ಮೊಟ್ಟೆಯಲ್ಲಿ ಅವರಿಗೆ ಗಂಟುರೋಗದ ಕಣ ಕಂಡಿತು. ಶ್ರೀನಿವಾಸಪುರದ ಕಡೆಯ ರೈತರು ಅಂದೇ ಮೊಟ್ಟೆಗೆ ಬಂದು ಅಂಗಳದಲ್ಲಿ ಕೂತಿದ್ದರು. ಯಜಮಾನರು ಇನ್ನೊಮ್ಮೆ ನೋಡಿ ಎಂದರು. ನೋಡಿದರು, ಮತ್ತೆ ಕಂಡಿತು. ಒಂದೆರಡು ಕಣ ತಾನೇ, ಕಣ್ಣಿಗೆ ಹಾಗೆ ಕಂಡಿರಬಹುದು ಎಂದು ಯಜಮಾನರು ಮೆತ್ತಗೆ ಹೇಳಿ ನೋಡಿದರು. ಮೇಡಂ ಎದ್ದು ತಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿ, "ಹಾಗಾದ್ರೆ ನೀವೇ ನೋಡಿ ಸೈನ್ ಮಾಡಿ ಸಾರ್" ಎಂದರು. ಯಜಮಾನರು ಕೂರಲಿಲ್ಲ. ಸಂಜೆ ಆ ತಂಡವನ್ನೆಲ್ಲ ಸುಟ್ಟರು. ಸುಡುವಾಗ ಮೇಡಂ ಅಲ್ಲೇ ನಿಂತಿದ್ದರು, ಆಮೇಲೆ ಅಂಗಳಕ್ಕೆ ಹೋಗಿ ರೈತರಿಗೆ ಯಾಕೆ ಹೀಗಾಯಿತು ಎಂದು ಕೂತು ವಿವರಿಸಿದರು. ಆ ದಿನ ಅವರಿಗೆ ಬಸ್ಸು ತಪ್ಪಿತು.

ಇನ್ನು ನಮ್ಮಪ್ಪನ ವಿಷಯ.

ನಮ್ಮೂರು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ಬೆಳಿಗ್ಗೆ ಎದ್ದರೆ ಕಿವಿಗೆ ಬೀಳುವುದೇ ಉಳಿಯ ಸದ್ದು. ಅಪ್ಪ ಐವತ್ತು ವರ್ಷ ಕಲ್ಲಿನಲ್ಲಿ ದೇವರ ಮೂರ್ತಿ ಮಾಡಿದವರು. ಅರವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಒತ್ತಡದ ಕಾಯಿಲೆ ಶುರುವಾಯಿತು. ಮೊದಲು ಪಕ್ಕದ್ದು ಕಾಣದಾಯಿತು, ಆಮೇಲೆ ಎದುರಿನದು. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ತಡವಾಗಿತ್ತು. ಅರವತ್ತೆಂಟಕ್ಕೆ ಪೂರ್ತಿ ಕತ್ತಲೆ. ಅಪ್ಪ ಉಳಿ, ಸುತ್ತಿಗೆ, ಕೈವಾರಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಶೆಡ್ಡಿನ ಮೂಲೆಗಿಟ್ಟರು. ಆಮೇಲೆ ಜಗಲಿಯಿಂದ ಇಳಿಯಲಿಲ್ಲ. ಸುತ್ತಲಿನ ಮನೆಗಳ ಸದ್ದು ಕೇಳುತ್ತಾ ಕೂರುವರು. ಯಾರು ಒರಟು ಕೆಲಸ ಮಾಡುತ್ತಿದ್ದಾರೆ, ಯಾರು ಮೂಗು ಬಿಡಿಸುತ್ತಿದ್ದಾರೆ ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಹೇಳುತ್ತಿರಲಿಲ್ಲ, ಮುಖ ಬಿಗಿಯುತ್ತಿತ್ತು ಅಷ್ಟೆ.

ಮತ್ತೆ ಟೈಮು ಕೇಳುವುದು. ಹತ್ತು ನಿಮಿಷಕ್ಕೊಮ್ಮೆ ಟೈಮೆಷ್ಟು, ಟೈಮೆಷ್ಟು. ಅಮ್ಮ ಸೌದೆ ಒಲೆಯ ಮುಂದೆ ಇರಲಿ, ಹಸು ಕರೆಯುತ್ತಿರಲಿ, ಎದ್ದು ಬಂದು ಹೇಳಬೇಕು. ರೋಸಿಹೋಗಿ ಅಮ್ಮ ಬಾಯಿಗೆ ಬಂದ ಗಂಟೆ ಹೇಳತೊಡಗಿದಳು. ಅದು ಅಪ್ಪನಿಗೆ ಗೊತ್ತಾಗಿ ಎರಡು ದಿನ ಊಟ ಬಿಟ್ಟರು. ನಾನು ಬೆಂಗಳೂರಿನಿಂದ ಮಾತಾಡುವ ವಾಚು ತಂದುಕೊಟ್ಟೆ. ಗುಂಡಿ ಒತ್ತಿದರೆ ಇಂಗ್ಲಿಷಿನಲ್ಲಿ ಒಬ್ಬ ಹೆಂಗಸು ಸಮಯ ಹೇಳುತ್ತಿದ್ದಳು. ಮೂರ್ತಿ ಒಪ್ಪಿಸಿಕೊಳ್ಳಲು ಪಕ್ಕದ ಮನೆಗೆ ಬಂದಿದ್ದ ದೊಡ್ಡವರೊಬ್ಬರು ಅಪ್ಪನನ್ನು ಮಾತಾಡಿಸಲು ಬಂದಾಗ, ಕೈ ತಗುಲಿ ಆ ಹೆಂಗಸು ಎರಡೆರಡು ಸಲ ಕೂಗಿದಳು. ಬಂದವರು ನಕ್ಕರು. ಅವರು ಹೋದ ಮೇಲೆ ಅಪ್ಪ ವಾಚು ಬಿಚ್ಚಿ ಹಸುವಿನ ಕಲಗಚ್ಚಿನ ಬಾನಿಗೆ ಹಾಕಿದರು.

ಇದನ್ನೆಲ್ಲ ನಾನು ಮೇಡಂಗೆ ತಮಾಷೆಯ ಹಾಗೆ ಹೇಳಿದೆ. ಅವರು ನಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, "ಅವರಿಗೆ ಟೈಮ್ ಯಾರಾದ್ರೂ ಹೇಳೋದು ಬೇಕಾಗಿಲ್ಲ ಕಣಮ್ಮ. ತಾವೇ ನೋಡ್ಕೋಬೇಕು" ಎಂದರು. ಮಾರನೆಯ ದಿನ ಅಪ್ಪನ ಮಣಿಕಟ್ಟಿನ ಅಳತೆ ತರಲು ಒಂದು ದಾರ ಕೊಟ್ಟರು.

ಹತ್ತು ದಿನಕ್ಕೆ ಒಂದು ಗಡಿಯಾರ ತಂದರು. ಮೇಲೆ ಗಾಜಿರಲಿಲ್ಲ. ಮುಳ್ಳುಗಳನ್ನು ಬೆರಳಿನಿಂದ ಮುಟ್ಟಿ ಸಮಯ ತಿಳಿಯಬೇಕು. ನಾನು ಮನೆಗೆ ಒಯ್ದೆ, ಅಪ್ಪ ಮುಟ್ಟಿದರು. ಆ ಬೆರಳು ಕಲ್ಲಿನ ಬೆರಳು. ನಿಮಿಷದ ಮುಳ್ಳು ಕಾಲು ಗಂಟೆಯಿಂದ ಅರ್ಧ ಗಂಟೆಗೆ ಜಾರಿ, ತುದಿಯಲ್ಲಿ ಬಾಗಿತು. "ನಾನ್ ಮುಟ್ಟಿದ್ರೆ ಟೈಮೇ ಬದಲಾಗ್ತದೆ. ಇದನ್ನ ಅವರಿಗೇ ಕೊಡಮ್ಮ" ಎಂದು ಕೈ ಚಾಚಿದರು. ನಾನು ನಾಚಿಕೆಯಿಂದ ವಾಪಸು ತಂದುಕೊಟ್ಟರೆ ಮೇಡಂ ಹುರುಪಿನಿಂದ, ಎಷ್ಟು ಜೋರಾಗಿ ಒತ್ತಿದರು ಎಂದು ಕೇಳಿದರು. ನನಗೇನು ಗೊತ್ತು? ಮೊಟ್ಟೆ ತೂಗುವ ಸಣ್ಣ ತಕ್ಕಡಿಯ ಮೇಲೆ ನನ್ನ ಬೆರಳಿಡಿಸಿ, ಅಪ್ಪ ಒತ್ತಿದ ಹಾಗೆ ಒತ್ತು ಎಂದರು. ಸಾಲದು, ಇನ್ನೂ ಸ್ವಲ್ಪ, ಹಾಂ ಹೀಗೆ ಎಂದು ನಾನೂ ಒತ್ತಿ ಒತ್ತಿ ತೋರಿಸಿದೆ. ಅವರು ಅದನ್ನು ಚೀಟಿಯಲ್ಲಿ ಬರೆದುಕೊಂಡರು.

ಎರಡನೆಯದಕ್ಕೆ ಹಿತ್ತಾಳೆಯ ತಗಡಿನಲ್ಲಿ ದಪ್ಪ ಮುಳ್ಳು ಕತ್ತರಿಸಿ ಹಾಕಿದರು. ಅವು ಬಾಗಲಿಲ್ಲ. ಆದರೆ ಮಷೀನಿಗೆ ಅವನ್ನು ಎಳೆಯುವ ಶಕ್ತಿ ಇರಲಿಲ್ಲ. ನಿಮಿಷದ ಮುಳ್ಳು ಹನ್ನೆರಡರಿಂದ ಆರಕ್ಕೆ ಸಲೀಸಾಗಿ ಇಳಿದು, ಮೇಲೆ ಹತ್ತುವಾಗ ಏದುಸಿರು ಬಿಟ್ಟು, ಎಂಟರ ಹತ್ತಿರ ನಿಂತುಬಿಡುತ್ತಿತ್ತು. "ಪಾಪ, ಮುದುಕಿಯ ತಲೆ ಮೇಲೆ ಮೂಟೆ ಹೊರಿಸಿದ್ದೀನಿ" ಎಂದು ಅದನ್ನು ಬಿಚ್ಚಿಟ್ಟರು. ಮತ್ತೆ ಹುಡುಕಾಟ. ಕೆಜಿಎಫ್‌ನಲ್ಲಿ ತೀರಿಕೊಂಡ ಒಬ್ಬ ರಿಪೇರಿಯವರ ಹೆಂಡತಿಯ ಹತ್ತಿರ ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಹಳೆಯ, ಅಗಲವಾದ, ಕೀ ಕೊಡುವ ಮಷೀನು ಸಿಕ್ಕಿತು. ಅದರ ಸ್ಪ್ರಿಂಗು ಗಟ್ಟಿ. ಮುಳ್ಳು ಕೂರುವ ಕೊಳವೆಯನ್ನು ಬಿಗಿ ಮಾಡಿದರು, ಬೆರಳು ತಗುಲಿದರೆ ಜಾರದ ಹಾಗೆ. ಗಾಜಿನ ಬದಲು ತೆರೆದು ಮುಚ್ಚುವ ಮುಚ್ಚಳ ಬೇಕಿತ್ತು. ಕುಂಕುಮದ ಭರಣಿ ಮಾಡುವ ಶ್ರೀನಿವಾಸಪುರದ ಅಕ್ಕಸಾಲಿಗರೊಬ್ಬರನ್ನು ಹಿಡಿದು, ಭರಣಿಯಂಥದೇ ಕೀಲಿನ ಮುಚ್ಚಳ ಮಾಡಿಸಿದರು. ಸಂಕ್ರಾಂತಿಗೆ ಶುರುವಾದದ್ದು ಮಾವಿನ ಕಾಲಕ್ಕೆ ಬಂದು ನಿಂತಿತು. ಈ ನಡುವೆ ಅಪ್ಪ ಒಮ್ಮೆಯೂ ಗಡಿಯಾರದ ಸುದ್ದಿ ಎತ್ತಲಿಲ್ಲ. ನನಗೂ, ಬಿಡಿ ಮೇಡಂ ಎನ್ನುವಷ್ಟು ಬೇಸರವಾಗಿತ್ತು.

ಒಂದು ಭಾನುವಾರ ವಕ್ಕಲೇರಿ ಮೇಲೆ ಬರುವ ಬಸ್ಸು ಹಿಡಿದು ಅವರೇ ನಮ್ಮ ಮನೆಗೆ ಬಂದರು. ಅಪ್ಪನ ಎದುರಿಗೆ ಜಗಲಿಯ ಮೇಲೆ ಕೂತು, ನಮಸ್ಕಾರ ಎಂದು ಹೇಳಿ, ಒಂದು ಕಾಗದದ ಪೊಟ್ಟಣವನ್ನು ಅಪ್ಪನ ಕೈಗಿಟ್ಟರು. ಒಳಗೆ ಬೆಳ್ಳಿಕಾಸಿನಷ್ಟು ಅಗಲದ ತೆಳ್ಳನೆಯ ಹಿತ್ತಾಳೆ ಬಿಲ್ಲೆಗಳು, ಹತ್ತು.

"ಆಚಾರ್ರೇ, ಎಲ್ಲಾ ಆಗಿದೆ. ಡಯಲ್ ಒಂದು ನನ್ನ ಕೈಲಿ ಆಗ್ಲಿಲ್ಲ" ಎಂದರು. "ಗಂಟೆಗೊಂದು ಚುಕ್ಕೆ, ಹಿಂದಿನಿಂದ ಹೊಡೆದು ಎಬ್ಬಿಸಬೇಕು. ನಾನು ಎಬ್ಬಿಸಿದ್ರೆ ಒಂದು ಮೇಲೆ, ಒಂದು ಕೆಳಗೆ ಬರ್ತಿದೆ. ನೀವು ಮಾಡ್ಕೊಡಿ."

ಅಪ್ಪ ಸ್ವಲ್ಪ ಹೊತ್ತು ಬಿಲ್ಲೆಯ ಅಂಚನ್ನು ಸವರುತ್ತಿದ್ದರು. "ಕಣ್ಣಿಲ್ದೋನ್ನ ಕೇಳ್ತಿದ್ದೀರಲ್ಲಮ್ಮ."

"ಕಣ್ಣಿರೋಳು ಹನ್ನೆರಡು ಬಿಲ್ಲೆ ಹಾಳು ಮಾಡಿದ್ದಾಯ್ತು. ಇದನ್ನ ಓದೋದು ಬೆರಳು. ಬೆರಳಿಗೆ ಏನು ಬೇಕು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಆಗಲ್ಲ ತಾಯಿ, ನಾನು ಸಾಮಾನು ಕಟ್ಟಿಟ್ಟು ಎರಡು ವರ್ಷವಾಯಿತು ಎಂದು ಅಪ್ಪ ಪೊಟ್ಟಣ ಹಿಂದಕ್ಕೆ ಚಾಚಿದರು. ಮೇಡಂ ತೆಗೆದುಕೊಳ್ಳಲಿಲ್ಲ. ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, ಊರಿನ ಶೆಡ್ಡುಗಳಲ್ಲಿ ಅರೆಬರೆ ಎದ್ದಿದ್ದ ಮೂರ್ತಿಗಳನ್ನು ನೋಡಿಕೊಂಡು, ಮೂರು ಗಂಟೆಯ ಬಸ್ಸಿಗೆ ಹೊರಟುಹೋದರು.

ಮೂರು ದಿನ ಪೊಟ್ಟಣ ಜಗಲಿಯ ಗೂಡಿನಲ್ಲೇ ಇತ್ತು. ನಾಲ್ಕನೆಯ ದಿನ ಅಮ್ಮ ಕೋಠಿಗೆ ಫೋನು ಮಾಡಿದಳು. ಗಾಬರಿಯಾಗಿ ಎತ್ತಿದರೆ ಮಾತೇ ಆಡಲಿಲ್ಲ. ಫೋನನ್ನು ಎತ್ತ ಕಡೆಗೋ ಹಿಡಿದಳು. ಟಕ್, ಟಕ್ ಎಂದು ಸಣ್ಣ ಸುತ್ತಿಗೆಯ ಸದ್ದು. ನಾನು ಫೋನನ್ನು ಮೇಡಂ ಕಿವಿಗೆ ಕೊಟ್ಟೆ. ಅವರು ಕೇಳಿಸಿಕೊಂಡು, "ತುಂಬ ಜೋರಾಯ್ತು, ಹರಿದುಹೋಗುತ್ತೆ" ಎಂದರು.

ಹರಿದೇ ಹೋಗಿತ್ತು. ನಾನು ಮನೆಗೆ ಬರುವಷ್ಟರಲ್ಲಿ ಮೂರು ಬಿಲ್ಲೆ ಹಾಳಾಗಿದ್ದವು. ಗೋಣಿಚೀಲದ ಬಾಯಿ ಬಿಚ್ಚಿತ್ತು. ಅಪ್ಪ ಶೆಡ್ಡಿನ ಮಣ್ಣುನೆಲದ ಮೇಲೆ ಕಾಲು ಚಾಚಿ ಕೂತು ಬಿಲ್ಲೆಯ ಮೇಲೆ ಕೈವಾರ ನಡೆಸುತ್ತಿದ್ದರು. ವೃತ್ತದ ಅರೆವ್ಯಾಸವನ್ನೇ ಅಂಚಿನ ಮೇಲೆ ಹೆಜ್ಜೆ ಹಾಕಿಸಿದರೆ ಸರಿಯಾಗಿ ಆರು ಹೆಜ್ಜೆ. ಆರನ್ನು ಅರ್ಧ ಮಾಡಿದರೆ ಹನ್ನೆರಡು. ದೇವರ ಪ್ರಭಾವಳಿಗೆ ಗೆರೆ ಹಾಕುವಾಗ ಮಾಡುತ್ತಿದ್ದ ಲೆಕ್ಕ, ಅದಕ್ಕೆ ಕಣ್ಣು ಬೇಕಿರಲಿಲ್ಲ. ಕೈವಾರದ ಮೊನೆ ಊರಿದ ಗುರುತನ್ನು ಉಗುರಿನಿಂದ ಹುಡುಕಿ, ಅಲ್ಲಿ ಮೊಳೆಯಂಥ ಉಳಿಯಿಟ್ಟು ಒಂದೇ ಪೆಟ್ಟು. ಹನ್ನೆರಡಕ್ಕೆ ಜೋಡಿ ಚುಕ್ಕೆ. ಮೂರು, ಆರು, ಒಂಬತ್ತಕ್ಕೆ ಉದ್ದನೆಯ ಗೀರು. ಆ ವಾರವೆಲ್ಲ ಅಪ್ಪ ಸಿಡುಕುತ್ತಲೇ ಇದ್ದರು. ಅಮ್ಮನಿಗೆ ಬೈದರು, ನನಗೆ ಬೈದರು, ಬಿಲ್ಲೆ ತಂದುಕೊಟ್ಟ ಹೆಂಗಸಿಗೂ ಬೈದರು. ಏಳನೆಯ ಬಿಲ್ಲೆ ಸರಿಯಾಯಿತು. ಟೈಮೆಷ್ಟು ಎಂದು ಆ ವಾರ ಒಂದು ಸಲವೂ ಕೇಳಿರಲಿಲ್ಲ ಎಂಬುದು ಆಮೇಲೆ ನಮಗೆ ಹೊಳೆಯಿತು.

ಮುಂದಿನ ಭಾನುವಾರ ಮೇಡಂ ಬಂದು, ನಮ್ಮ ನಡುಮನೆಯಲ್ಲಿ ಬಿಳಿ ಬಟ್ಟೆ ಹಾಸಿ, ಡಯಲ್ಲು ಕೂರಿಸಿ, ಮುಳ್ಳು ಒತ್ತಿ, ಕೀ ಕೊಟ್ಟು ಅಪ್ಪನ ಕೈಗೆ ಕಟ್ಟಿದರು. ಅಪ್ಪ ಮುಚ್ಚಳ ತೆರೆದು ಹೆಬ್ಬೆರಳಿನಿಂದ ನಿಧಾನ ಸವರಿದರು.

"ಹನ್ನೆರಡೂ ಕಾಲು" ಎಂದರು. ಮತ್ತೊಮ್ಮೆ ಸವರಿ, "ಇಲ್ಲ, ಇನ್ನೆರಡು ನಿಮಿಷ ಬೇಕು."

ಮೇಡಂ ತಮ್ಮ ಕೈ ನೋಡಿಕೊಂಡು, ನನ್ನದರಲ್ಲಿ ಹನ್ನೆರಡೂ ಎಂಟು ಎಂದರು. ನಿಮ್ಮದು ಹಿಂದಿದೆ ಎಂದು ಅಪ್ಪ. ಎರಡನ್ನೂ ಕಟ್ಟಿದವಳು ನಾನು, ನನಗೆ ಗೊತ್ತಿಲ್ಲವೇ ಎಂದು ಇವರು. ಅಮ್ಮ ಬಂದು ಮುದ್ದೆ ಆರುತ್ತಿದೆ ಎಂದು ಕೂಗುವವರೆಗೂ ಇಬ್ಬರೂ ಬಿಟ್ಟುಕೊಡಲಿಲ್ಲ. ಅಪ್ಪ ಯಾರೊಂದಿಗಾದರೂ ವಾದಕ್ಕೆ ಕೂತಿದ್ದನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ. ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡೆ.

ಆಮೇಲೆ ಅಮ್ಮನಿಗೆ ಬೇರೆ ಕಾಟ. ಯಾರೂ ಕೇಳದಿದ್ದರೂ ಅಪ್ಪ ಗಂಟೆ ಹೇಳುವರು. ಬೀದಿಯಲ್ಲಿ ಹೋಗುವವರನ್ನು ಕರೆದು, ನಿನ್ನ ಮೊಬೈಲಲ್ಲಿ ಎಷ್ಟು ನೋಡು ಎಂದು ಸರಿ ನೋಡಿಕೊಳ್ಳುವರು.

ಗಾಜಿಲ್ಲದ ಗಡಿಯಾರಕ್ಕೆ ಕಲ್ಲುಕುಟಿಗರ ಊರಿನಂಥ ಕೆಟ್ಟ ಜಾಗ ಇನ್ನೊಂದಿಲ್ಲ. ಕಲ್ಲಿನ ಪುಡಿ ಮುಚ್ಚಳದ ಸಂದಿನಿಂದ ನುಸುಳಿ ಮಷೀನನ್ನು ಹಿಡಿದುಬಿಡುತ್ತಿತ್ತು. ಹಾಗಾಗಿ ಮೂರು ತಿಂಗಳಿಗೊಮ್ಮೆ ಮೇಡಂ ಬಂದು ಬಿಚ್ಚಿ ತೊಳೆದು ಎಣ್ಣೆ ಹಾಕಬೇಕು. ನಾನೇ ತಂದುಕೊಡುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. ಬಸ್ಸು ಹಿಡಿದು ಬರುವರು. ಬಂದರೆ ಸಂಜೆಯವರೆಗೂ ಶೆಡ್ಡಿನಲ್ಲಿ ಅಪ್ಪನೂ ಅವರೂ, ನಡುವೆ ಬಿಳಿ ಬಟ್ಟೆ. ಕಲ್ಲಿಗೆ ಎಷ್ಟು ಜಾತಿ, ಸ್ಪ್ರಿಂಗಿಗೆ ಎಷ್ಟು ಜಾತಿ ಎಂಬುದೇ ಮಾತು. ಅವರ ಪರಿಚಯದಿಂದ ಇನ್ನೂ ಇಬ್ಬರು ಕಣ್ಣಿಲ್ಲದವರಿಗೆ ಅಂಥ ಗಡಿಯಾರವಾಯಿತು, ಕೋಲಾರದ ಒಬ್ಬ ಹಾರ್ಮೋನಿಯಂ ಮೇಷ್ಟ್ರಿಗೆ, ನಂಗಲಿಯ ಹೆದ್ದಾರಿ ಬದಿ ಟೀ ಅಂಗಡಿಯಿಟ್ಟಿದ್ದ ಒಬ್ಬ ಅಜ್ಜಿಗೆ. ಎರಡರ ಡಯಲ್ಲೂ ಅಪ್ಪನದೇ.

ಆದರೆ ಕಲ್ಲು ಮುಟ್ಟಲಿಲ್ಲ. ಮೇಡಂ ಒಂದೆರಡು ಸಲ ಕೇಳಿದ್ದರು. ದೇವರ ಮೂರ್ತಿಯಲ್ಲಿ ಕೂದಲೆಳೆಯಷ್ಟು ತಪ್ಪಾದರೂ ಪೂಜೆಗೆ ಬರುವುದಿಲ್ಲ, ಗೊತ್ತಿದ್ದೂ ಮಾಡಬಾರದು ಎಂದು ಅಪ್ಪ ಹೇಳಿದ ಮೇಲೆ ಮತ್ತೆ ಕೇಳಲಿಲ್ಲ. ತಪ್ಪು ಕಂಡ ತಂಡವನ್ನು ಸುಡಿಸಿದವರು ಅವರು. ಆ ಮಾತು ಅವರಿಗೆ ಅರ್ಥವಾಗಿರಬೇಕು.

ಅವರು ನಿವೃತ್ತರಾದ ಮೇಲೂ ಬರುವುದು ತಪ್ಪಲಿಲ್ಲ. ಹೋದ ಕಾರ್ತಿಕದಲ್ಲಿ ಅವರ ತಮ್ಮ ಫೋನು ಮಾಡಿದರು. ಬೆಳಿಗ್ಗೆ ಕಾಫಿ ಕುಡಿದು ಮೇಜಿನ ಮುಂದೆ ಕೂತವರು ಹಾಗೇ ಒರಗಿದ್ದರಂತೆ. ಎದೆಯ ನೋವು ಎಂದು ಎರಡು ದಿನದಿಂದ ಇತ್ತಂತೆ, ಯಾರಿಗೂ ಹೇಳಿರಲಿಲ್ಲ.

ಅಪ್ಪನಿಗೆ ಹೇಳಿದೆ. ಅಪ್ಪ ಗಡಿಯಾರದ ಮುಚ್ಚಳ ತೆರೆದು, ಮುಟ್ಟದೆ, ಮತ್ತೆ ಮುಚ್ಚಿದರು. ಹದಿಮೂರನೆಯ ದಿನ ಮುಳಬಾಗಿಲಿಗೆ ಕರೆದುಕೊಂಡು ಹೋಗು ಎಂದರು. ಹೋದೆವು. ಊಟ ಮಾಡಿ, ಅವರ ತಮ್ಮನ ಎರಡೂ ಕೈ ಹಿಡಿದುಕೊಂಡಿದ್ದು, ಅಪ್ಪ ಎದ್ದರು. ವಾಪಸು ಬರುವಾಗ ಬಸ್ಸು ನರಸಾಪುರ ದಾಟಿತು. ಆಮೇಲೆ ಕೇಳಿದರು: "ಅವರು ನೋಡಕ್ಕೆ ಹೆಂಗಿದ್ರಮ್ಮ?"

ಎಂಟು ವರ್ಷದ ಪರಿಚಯದಲ್ಲಿ ಅಪ್ಪ ಕೇಳದೇ ಇದ್ದ ಪ್ರಶ್ನೆ. ನಾನು ಹೇಳಲು ಹೊರಟೆ. ಬೆಳ್ಳಗಿದ್ದರು, ಕನ್ನಡಕ ಎಂದೆ. ಹಣೆ ಎಷ್ಟಗಲ, ಮೂಗು ಎಲ್ಲಿಂದ ಏಳುತ್ತದೆ, ಗದ್ದಕ್ಕೂ ತುಟಿಗೂ ಎಷ್ಟು ಬೆರಳು ಎಂದು ಅಪ್ಪ ಒಂದೊಂದಾಗಿ ಕೇಳತೊಡಗಿದರು. ನನಗೆ ಹೇಳಲಾಗಲಿಲ್ಲ. ಹನ್ನೊಂದು ವರ್ಷ ಎದುರಿಗೆ ಕೂತಿದ್ದೆ. ಬೈತಲೆ ಎಲ್ಲಿ ಸೊಟ್ಟಗಿತ್ತು, ಕತ್ತಿನ ಹಿಂದೆ ಮಚ್ಚೆ ಎಲ್ಲಿತ್ತು, ಯಾವ ಬೆರಳಿನ ಉಗುರು ಸೀಳಿತ್ತು ಎಲ್ಲ ಗೊತ್ತು. ಮುಖ ಕೇಳಿದರೆ ತಡವರಿಸಿದೆ. "ಯಾವಾಗ್ಲೂ ಬಗ್ಗಿಕೊಂಡೇ ಇರೋರಪ್ಪ" ಎಂದೆ. ಅಪ್ಪ ಹೂಂಗುಟ್ಟಿದರು.

ಮಾರನೆಯ ವಾರ ಅಪ್ಪ ಪಕ್ಕದ ಮನೆಯಿಂದ ಒಂದು ಮೊಳದುದ್ದದ ಬಳಪದ ಕಲ್ಲು ತರಿಸಿಕೊಂಡರು. ಅಮ್ಮ ನನ್ನ ಮುಖ ನೋಡಿದಳು. ದೇವರಾ ಎಂದು ಕೇಳಿದೆ. "ಅಲ್ಲ. ಮನುಷ್ಯರಲ್ಲಿ ತಪ್ಪಿದ್ರೆ ಪರವಾಗಿಲ್ಲ" ಎಂದರು.

ನಾಲ್ಕು ತಿಂಗಳಾಯಿತು. ಒಬ್ಬ ಹೆಂಗಸು ನೆಲದ ಮೇಲೆ ಕೂತು ಮುಂದಕ್ಕೆ ಬಗ್ಗಿದ್ದಾಳೆ. ಬೆನ್ನಿನ ಮೇಲೆ ಸೆರಗಿನ ಮಡಿಕೆ, ಸೊಟ್ಟ ಬೈತಲೆ. ಎಡಭುಜ ಬಲಕ್ಕಿಂತ ಸ್ವಲ್ಪ ದಪ್ಪವಾಗಿದೆ, ಅದು ಅಪ್ಪನ ಕೈ ತಪ್ಪಿದ್ದು. ಮುಖ ತಲೆಯ ಕೆಳಗೆ ನೆರಳಿನಲ್ಲಿದೆ. ಕಣ್ಣು ಮೂಗು ಸುಳಿವಿನಷ್ಟೇ ಇವೆ. ಆದರೆ ಮೊಣಕಾಲ ಮೇಲೆ ಕೂಡಿದ ಎರಡು ಕೈ ಪೂರ್ತಿ ಇವೆ, ಸೀಳಿದ ಉಗುರಿನ ಸಮೇತ. ಹೆಬ್ಬೆರಳು ತೋರುಬೆರಳಿನ ನಡುವೆ ಏನನ್ನೋ ಹಿಡಿದ ಹಾಗಿದೆ, ಹಿಡಿದದ್ದು ಕಾಣುವುದಿಲ್ಲ.

ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಾವಿಬ್ಬರೂ ಮುಳಬಾಗಿಲಿಗೆ ಹೋದೆವು. ಅವರ ತಮ್ಮ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಳಗಿನಿಂದ ಹೆಂಡತಿಯನ್ನು ಕರೆದರು. ಆಕೆ ಬಂದು ನೋಡಿ, "ಅಯ್ಯ, ಊಟಕ್ಕೆ ಕರೆದ್ರೂ ಹಿಂಗೇ ಇರೋರು" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಈಗ ಅಪ್ಪ ಇನ್ನೊಂದು ಕಲ್ಲು ತರಿಸಿದ್ದಾರೆ. ನಿನ್ನೆ ಭಾನುವಾರ ನನ್ನನ್ನು ಶೆಡ್ಡಿಗೆ ಕರೆದು ಎದುರಿಗೆ ಕೂರಿಸಿಕೊಂಡರು. ಅಲುಗಾಡಬೇಡ ಎಂದು ಹೇಳಿ, ಎರಡೂ ಹೆಬ್ಬೆರಳಿನಿಂದ ನನ್ನ ಹಣೆಯಿಂದ ಶುರು ಮಾಡಿ ಹುಬ್ಬು, ಮೂಗು, ಕೆನ್ನೆ, ಗದ್ದದವರೆಗೆ ಸವರಿದರು. ಕಲ್ಲಿನ ಪುಡಿಯ ವಾಸನೆಯ ಒರಟು ಬೆರಳು. ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಮುಗಿದ ಮೇಲೂ ಅಪ್ಪ ಕೈ ತೆಗೆಯಲಿಲ್ಲ.

"ಅವರದ್ನೂ ಹಿಂಗೇ ಒಂದ್ಸಲ ನೋಡ್ಬಹುದಾಗಿತ್ತು" ಎಂದರು. "ಕೇಳಕ್ಕೆ ಸಂಕೋಚ ಆಯ್ತು ಕಣಮ್ಮ."